ಅಡಿಕೆ ರೇಟು ನೋಡುವುದನ್ನು ಬಿಟ್ಟಿದ್ದು ಹೇಗೆ

ಅಡಿಕೆ ಬೆಳೆಗಾರನಿಗೆ "ನಾಳೆ ಚಿಂತೆ ಬಿಡು, ಇವತ್ತು ಆರಾಮಾಗಿರು" ಅಂದರೆ ನಗು ಬರುತ್ತದೆ. ಇವತ್ತು ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಹಾಗಂತ ಮೂರು ಹೊತ್ತೂ ನಾಳೆಯದೇ ಲೆಕ್ಕ ಹಾಕುತ್ತಾ ಕೂತರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಶಿರಸಿ ಹತ್ತಿರ ನಮ್ಮದು ಸಣ್ಣ ತೋಟ. ಅದು ನನ್ನ ಕೈಗೆ ಬಂದ ಮೇಲೆ ನಾನು ಮಾಡಿಕೊಂಡ ಏರ್ಪಾಡು ಇಷ್ಟೇ: ಒಂದೊಂದು ಚಿಂತೆಗೂ ವರ್ಷದಲ್ಲಿ ಒಂದು ಹೊತ್ತು ಗೊತ್ತು ಮಾಡಿದ್ದೇನೆ. ಆಗ ಪೂರ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಆಮೇಲೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ಚಿಂತೆ ಕೊಳೆರೋಗ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವುದು. ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ಮದ್ದು ಹೊಡೆಯಬೇಕು, 40-45 ದಿನ ಬಿಟ್ಟು ಇನ್ನೊಮ್ಮೆ. ಮಳೆ ಬಿಡದೇ ಇದ್ದರೆ ಮೂರನೇದು. ಮದ್ದು ಕಲಸುವ ಕೆಲಸ ಮಾತ್ರ ನಾನು ಯಾರಿಗೂ ಬಿಡುವುದಿಲ್ಲ. 1 ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಬಟ್ಟೆಯಲ್ಲಿ ಕಟ್ಟಿ ರಾತ್ರಿಯೇ 50 ಲೀಟರ್ ನೀರಿಗೆ ಇಳಿಬಿಡುತ್ತೇನೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ನಡೆಯುವುದಿಲ್ಲ. ಇನ್ನೊಂದು ಡ್ರಮ್ಮಿನಲ್ಲಿ 1 ಕೆಜಿ ಸುಣ್ಣ, ಅದಕ್ಕೂ 50 ಲೀಟರ್ ನೀರು. ಬೆಳಿಗ್ಗೆ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಾ ಇರಬೇಕು. ಆಕಾಶದ ಬಣ್ಣ ಬರುತ್ತದೆ. ಆಮೇಲೆ ಚೆನ್ನಾಗಿ ಉಜ್ಜಿದ ಚಾಕು ಅದ್ದಿ ತೆಗೆಯುತ್ತೇನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ, ಇನ್ನಷ್ಟು ಹಾಕಬೇಕು. ಅಲಗು ಇದ್ದ ಹಾಗೇ ಇದ್ದರೆ ಹೊಡೆಯಲು ತಯಾರು. ಅವತ್ತೇ ಖಾಲಿಯೂ ಆಗಬೇಕು.

ಮರ ಹತ್ತುವ ಕೊನೆಗೌಡರು ಈಗ ಸಿಗುವುದೇ ಕಷ್ಟ. ಯುಗಾದಿ ಹೊತ್ತಿಗೇ ಮಾತಾಡಿ ಇಟ್ಟಿರುತ್ತೇನೆ. ಅವರು ಬರದಿದ್ದರೆ ಇರಲಿ ಅಂತ ನೆಲದಲ್ಲೇ ನಿಂತು ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಯನ್ನು (ಉದ್ದ ಕೋಲು) ನೆರೆಮನೆಯವರ ಜೊತೆ ಸೇರಿ ತೆಗೆದುಕೊಂಡಿದ್ದೇವೆ. ಹವಾಮಾನ ಆಧಾರಿತ ಬೆಳೆ ವಿಮೆಯನ್ನೂ ಕಟ್ಟುತ್ತೇನೆ. ವಿಮಾ ಮೊತ್ತದ 5% ನಮ್ಮ ಪಾಲು. ಒಂದು ನೆನಪಿರಲಿ, ದುಡ್ಡು ಬರುವುದು ನಿಮ್ಮ ತೋಟ ಎಷ್ಟು ಕೊಳೆಯಿತು ಅಂತ ನೋಡಿ ಅಲ್ಲ, ಮಳೆಮಾಪಕದ ಲೆಕ್ಕ ನೋಡಿ. ಹಾಗಾಗಿ ವಿಮೆ ಕಟ್ಟಿದೆ ಅಂತ ಮದ್ದು ಬಿಡುವ ಹಾಗಿಲ್ಲ. ಇಷ್ಟು ಮಾಡಿದ ಮೇಲೂ ಕೊಳೆ ಬಂದರೆ ಬರಲಿ. ಆಷಾಢದ ರಾತ್ರಿ ಎದ್ದು ಕೂತು ಮಳೆ ಸದ್ದು ಅಳೆಯುತ್ತಾ ಇದ್ದರೆ ಒಂದು ಕಾಯಿಯೂ ಉಳಿಯುವುದಿಲ್ಲ, ಅಲ್ವಾ?

ಇನ್ನು ರೇಟು. ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡಿ ಇಟ್ಟುಕೊಂಡವರಿಗೆ ಇದು ದೊಡ್ಡ ಕಾಟ. ಮೊಬೈಲಿನ ಬೆಳೆಗಾರರ ಗುಂಪಿನಲ್ಲಿ ದಿನಾ ಬೆಳಿಗ್ಗೆ ಧಾರಣೆ ಬರುತ್ತದೆ. ಏರಿದರೆ ಇನ್ನೂ ಏರಲಿ ಅನ್ನುವ ಆಸೆ, ಇಳಿದರೆ ಹೊಟ್ಟೆಯಲ್ಲಿ ಸಂಕಟ. ನಾನು ಬೆಳೆಯನ್ನು ಮೂರು ಪಾಲು ಮಾಡಿದೆ. ಒಂದು ಪಾಲು ಯುಗಾದಿ ಆಸುಪಾಸು, ಇನ್ನೊಂದು ಮಕ್ಕಳ ಫೀಸಿನ ಹೊತ್ತಿಗೆ, ಕೊನೆಯದು ದೀಪಾವಳಿಗೆ ಮೊದಲು. ಅವತ್ತಿನ ರೇಟು ಎಷ್ಟಿದೆಯೋ ಅಷ್ಟಕ್ಕೆ ಕೊಡುವುದು. ಇದರಲ್ಲಿ ಯಾವತ್ತೂ ಎಲ್ಲಕ್ಕಿಂತ ಜಾಸ್ತಿ ರೇಟು ಸಿಗುವುದಿಲ್ಲ. ಎಲ್ಲಕ್ಕಿಂತ ಕಡಿಮೆಯೂ ಇಲ್ಲ. ಗುಂಪಿನ ಸದ್ದನ್ನು ಮ್ಯೂಟ್ ಮಾಡಿದ್ದೇನೆ. ಮೊದಮೊದಲು ಕೈ ತುರಿಸುತ್ತಿತ್ತು ಬಿಡಿ.

ಕಾಳುಮೆಣಸನ್ನು ಮಾತ್ರ ಮುಟ್ಟುವುದಿಲ್ಲ. ಚೆನ್ನಾಗಿ ಒಣಗಿಸಿ ಚೀಲ ಕಟ್ಟಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದೇ ನಮ್ಮ ಮನೆಯ ಎಫ್‌ಡಿ. ಆಸ್ಪತ್ರೆ ಖರ್ಚಿಗೆ ಅಂತಲೇ ಇಟ್ಟಿದ್ದು. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. ಆಗ ಕೈಯಲ್ಲಿ ಕಾಸಿಲ್ಲ ಅಂತ ಆಗಬಾರದು.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಆ ವಾರ ತೋಟಕ್ಕೆ ನೀರು ಬಿಟ್ಟು ಬಂದರೆ ಮುಗಿಯಿತು. ನೆಂಟರು ತುಂಬಿರುತ್ತಾರೆ, ರಾತ್ರಿ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಮಲಗುವುದು, ಖರ್ಚೂ ಆಗುತ್ತದೆ. ಸುಮ್ನೆ ಹಾಳು ಅಂತ ಹಿರಿಯರು ಗೊಣಗುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

ಏರ್ಪಾಡಿಗೆ ಸಿಗದೇ ಉಳಿದಿದ್ದು ಕೆಳಗಿನ ಗದ್ದೆ. ಸುತ್ತ ಎಲ್ಲರೂ ಗದ್ದೆಗೆ ಅಡಿಕೆ ಹಾಕಿದ್ದಾರೆ. ನಾನು ಇನ್ನೂ ಹಾಕಿಲ್ಲ. ಎಲೆಚುಕ್ಕಿ ರೋಗ ನೋಡಿದರೆ ಧೈರ್ಯ ಬರುವುದಿಲ್ಲ, ಬರೀ ಅಡಿಕೆಯನ್ನೇ ನಂಬುವುದೂ ಬೇಡ ಅನಿಸುತ್ತದೆ. ಆ ಗದ್ದೆಯ ಫಸಲು ಉಣ್ಣುವವಳು ಮಗಳು. ಕಾಲೇಜು ಮುಗಿಸಿ ಬಂದು ಅವಳೇ ಹೇಳಲಿ. ಅಲ್ಲಿವರೆಗೆ ಭತ್ತವೇ ಇರುತ್ತದೆ.