ಮಹಾನಗರದುದ್ದಕ್ಕೂ ನೇಮಕಾತಿ: ಅಭ್ಯರ್ಥಿಯ ಹಿನ್ನೆಲೆ ಪರಿಶೀಲಿಸುವ ಕ್ರಮ

ನಕ್ಷೆಯಲ್ಲಿ ಒಂದೇ ಊರಿನಂತೆ ಕಾಣುವ ಮಹಾನಗರ ದಾಖಲೆಗಳ ಮಟ್ಟಿಗೆ ಹಲವು ಊರುಗಳ ಗುಂಪು. ಕಚೇರಿ ದೆಹಲಿಯಲ್ಲಿ, ಗೋದಾಮು ಗುರುಗ್ರಾಮದಲ್ಲಿ, ಕೆಲಸಕ್ಕೆ ಬರುವವರ ಮನೆ ನೋಯ್ಡಾದಲ್ಲಿ ಎಂದಾದರೆ ಮೂರು ಕಡೆಯೂ ಪೊಲೀಸ್ ವ್ಯವಸ್ಥೆ ಬೇರೆ, ನ್ಯಾಯಾಲಯಗಳೂ ಬೇರೆ. ನ್ಯೂಯಾರ್ಕ್ ಮಹಾನಗರ ಪ್ರದೇಶ ನ್ಯೂಜೆರ್ಸಿಯೊಳಕ್ಕೆ ಚಾಚಿಕೊಂಡಿದೆ. ವಾಷಿಂಗ್ಟನ್ನಿನದು ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳಿಗೂ ಹಬ್ಬಿದೆ. ಹೀಗಿರುವಾಗ ವರದಿಯೊಂದು ‘ಏನೂ ಕಂಡುಬಂದಿಲ್ಲ’ ಎಂದರೆ, ಹುಡುಕಿದ ಜಾಗದಲ್ಲಿ ಕಂಡುಬಂದಿಲ್ಲ ಎಂದಷ್ಟೇ ತಿಳಿಯಬೇಕು.

ಅಭ್ಯರ್ಥಿಯ ಹೆಸರು ಕೈಗೆ ಬರುವ ಮೊದಲೇ ಯಾವ ಹುದ್ದೆಗೆ ಯಾವ ಪರಿಶೀಲನೆ ಎಂಬುದನ್ನು ಬರೆದಿಟ್ಟುಕೊಳ್ಳಿ. ವಾಹನ ಓಡಿಸುವವರಿಗೆ ಚಾಲನಾ ಪರವಾನಗಿ ಮತ್ತು ಸಂಚಾರ ಉಲ್ಲಂಘನೆಯ ದಾಖಲೆ, ಲೆಕ್ಕಪತ್ರ ನೋಡುವವರಿಗೆ ಪದವಿ ಮತ್ತು ಹಿಂದಿನ ಉದ್ಯೋಗ, ಮಕ್ಕಳ ಅಥವಾ ವೃದ್ಧರ ಆರೈಕೆಯವರಿಗೆ ಅಪರಾಧ ದಾಖಲೆ, ಹೀಗೆ. ಒಂದೇ ಹುದ್ದೆಗೆ ಬಂದ ಎಲ್ಲರಿಗೂ ಒಂದೇ ಪರಿಶೀಲನೆ ಇರಬೇಕು. ಯಾರ ಮೇಲೋ ಸಂಶಯ ಬಂತೆಂದು ಅವರೊಬ್ಬರಿಗೆ ಹೆಚ್ಚಿನದನ್ನು ಸೇರಿಸುವುದು ತಾರತಮ್ಯದ ದೂರಿಗೆ ನೀವೇ ಬಾಗಿಲು ತೆರೆದಂತೆ. ಸಾಮಾಜಿಕ ಜಾಲತಾಣಗಳಲ್ಲಿ ಅಭ್ಯರ್ಥಿಯ ಖಾತೆಗಳನ್ನು ಕೆದಕುವ ಅಭ್ಯಾಸವನ್ನು ನಾನಂತೂ ಒಪ್ಪುವುದಿಲ್ಲ. ಅಲ್ಲಿ ಸಿಗುವುದು ಬಹುಪಾಲು ಧರ್ಮ, ರಾಜಕೀಯ, ಕುಟುಂಬದ ಸಂಗತಿಗಳು. ಒಮ್ಮೆ ಕಂಡ ಮೇಲೆ ಅವು ನಿರ್ಧಾರದ ಮೇಲೆ ಪ್ರಭಾವ ಬೀರಲಿಲ್ಲ ಎಂದು ತೋರಿಸಿಕೊಡುವುದು ಕಷ್ಟ.

ಎರಡನೆಯದು ಕಾನೂನು ಮತ್ತು ಒಪ್ಪಿಗೆ. ಕೇಂದ್ರ ಕಚೇರಿ ಇರುವ ಊರಿನ ನಿಯಮವೇ ಎಲ್ಲ ಶಾಖೆಗಳಿಗೂ ಸಾಕು ಎಂದುಕೊಳ್ಳಬೇಡಿ. ನೌಕರರು ಕೆಲಸ ಮಾಡುವ ಸ್ಥಳದ ನಿಯಮವನ್ನು ಪ್ರತ್ಯೇಕವಾಗಿ ನೋಡಬೇಕು. ನ್ಯೂಯಾರ್ಕ್ ನಗರದಲ್ಲಿ 2015ರಿಂದ, ಷರತ್ತುಬದ್ಧ ಆಫರ್ (ಪರಿಶೀಲನೆ ಸರಿಹೋದರೆ ಕೆಲಸ ಎಂಬ ಮಾತು) ಕೊಟ್ಟ ನಂತರವೇ ಉದ್ಯೋಗದಾತರು ಅಪರಾಧ ದಾಖಲೆಯ ವಿಚಾರಕ್ಕೆ ಹೋಗಬಹುದು, ಕೆಲವು ಹುದ್ದೆಗಳಿಗೆ ಮಾತ್ರ ವಿನಾಯಿತಿ. ಏಜೆನ್ಸಿಯ ಮೂಲಕ ಪರಿಶೀಲನೆ ಮಾಡಿಸುವುದಾದರೆ ಅಮೆರಿಕದ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಆ ವಿಷಯವನ್ನು ಪ್ರತ್ಯೇಕ ಪತ್ರದಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಅರ್ಜಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಸೇರಿಸಿಬಿಡುವಂತಿಲ್ಲ. 2018ರಲ್ಲಿ ಅನ್ವಯಕ್ಕೆ ಬಂದ ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್, ಸರ್ಕಾರಿ ಪ್ರಾಧಿಕಾರದ ನಿಯಂತ್ರಣ ಅಥವಾ ಕಾನೂನಿನ ಅನುಮತಿ ಇಲ್ಲದೆ ಶಿಕ್ಷೆಯ ದಾಖಲೆಗಳನ್ನು ಬಳಸಲು ಬಿಡುವುದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಅವಕಾಶ ಇರಬೇಕೆನ್ನುತ್ತದೆ. ಕಾನೂನು ಹೇಳದ ಕಡೆಯಲ್ಲೂ ಇದು ಒಳ್ಳೆಯ ಪದ್ಧತಿ.

ಇಡೀ ಕೆಲಸದ ಬೇರು ಇರುವುದು ವಾಸಸ್ಥಳಗಳ ಪಟ್ಟಿಯಲ್ಲಿ. ‘ಈಗಿನ ವಿಳಾಸ, ಖಾಯಂ ವಿಳಾಸ’ ಎಂಬ ಎರಡೇ ಕಲಂಗಳ ನಮೂನೆ ಮಹಾನಗರದಲ್ಲಿ ಸಾಲದು. ಹಿಂದಿನ ಏಳು ವರ್ಷ ಎಲ್ಲೆಲ್ಲಿ ವಾಸವಿದ್ದರು ಎಂಬುದನ್ನು ತಿಂಗಳುಸಹಿತ ಬರೆಸಿಕೊಳ್ಳಿ. ಒಬ್ಬರ ಪಟ್ಟಿಯಲ್ಲಿ ಒಂದು ಉಪನಗರದ ವಿಳಾಸ 2021ರ ಜೂನ್‌ಗೆ ಮುಗಿದು, ಮುಂದಿನದು 2022ರ ಆಗಸ್ಟ್‌ನಿಂದ ಶುರುವಾಗಿದೆ ಎಂದುಕೊಳ್ಳಿ. ನಡುವೆ ಹದಿಮೂರು ತಿಂಗಳು ಖಾಲಿ. ತಾಯಿಯ ಅನಾರೋಗ್ಯಕ್ಕೆ ಅಕ್ಕನ ಮನೆಯಲ್ಲಿದ್ದೆ ಎಂಬಂಥ ಸರಳ ಉತ್ತರವೇ ಸಿಗಬಹುದು. ಆದರೆ ಕೇಳದಿದ್ದರೆ ಆ ಅಕ್ಕನ ಮನೆ ಯಾವ ಜಿಲ್ಲೆಯಲ್ಲಿತ್ತು ಎಂಬುದು ತಿಳಿಯುವುದಿಲ್ಲ, ಆ ಜಿಲ್ಲೆಯಲ್ಲಿ ಯಾರೂ ಹುಡುಕುವುದೂ ಇಲ್ಲ. ಪಟ್ಟಿ ತುಂಬಿದ ಮೇಲೆ ಪ್ರತಿ ವಿಳಾಸದ ಎದುರು ಅದು ಯಾವ ಪೊಲೀಸ್ ಮತ್ತು ನ್ಯಾಯಾಲಯದ ವ್ಯಾಪ್ತಿಗೆ ಸೇರುತ್ತದೆ ಎಂದು ಗುರುತಿಸಿ ಏಜೆನ್ಸಿಗೆ ಕೊಡಿ. ಈ ಪೈಕಿ ಎಲ್ಲಿಯ ಮೂಲ ದಾಖಲೆಯನ್ನು ನೋಡಿದ್ದಾರೆ, ಎಲ್ಲಿಯದನ್ನು ಸಂಗ್ರಹಿತ ಡೇಟಾಬೇಸ್‌ನಿಂದ ತೆಗೆದಿದ್ದಾರೆ ಎಂಬುದನ್ನು ವರದಿಯಲ್ಲೇ ಬರೆದುಕೊಡುವಂತೆ ಕೇಳಿ. ಡೇಟಾಬೇಸ್ ಸುಳಿವಿಗೆ ಸಾಕು, ತೀರ್ಮಾನಕ್ಕೆ ಸಾಲದು. ಪ್ರಕರಣ ಖುಲಾಸೆಯಾದ ಸಂಗತಿ ಅದರಲ್ಲಿ ಸೇರದೆ ಉಳಿದಿರಬಹುದು.

ಹಿಂದಿನ ಉದ್ಯೋಗವನ್ನು ಖಚಿತಪಡಿಸಿಕೊಳ್ಳುವಾಗ ರೆಸ್ಯೂಮೆಯಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಆ ಸಂಸ್ಥೆಯ ಅಧಿಕೃತ ನಂಬರನ್ನು ನೀವೇ ಹುಡುಕಿ ತೆಗೆಯಿರಿ. ರಿಲೀವಿಂಗ್ ಲೆಟರಿನ ಸಹಿಗಿಂತ ಮೊದಲು ತಲೆಬರಹ ನೋಡಿ: 2019ರ ದಿನಾಂಕದ ಪತ್ರದ ಮೇಲೆ ಸಂಸ್ಥೆ 2021ರಲ್ಲಿ ಸ್ಥಳಾಂತರಗೊಂಡ ಕಟ್ಟಡದ ವಿಳಾಸವಿದ್ದರೆ ಮೂಲ ಕಚೇರಿಯನ್ನು ವಿಚಾರಿಸಲೇಬೇಕು. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಇಷ್ಟನ್ನು ಬಿಟ್ಟು ಬೇರೇನನ್ನೂ ಹೇಳದಿರುವುದು ಅನೇಕ ಸಂಸ್ಥೆಗಳ ನಿಯಮ. ಆ ಮೌನಕ್ಕೆ ಕೆಟ್ಟ ಅರ್ಥ ಕಟ್ಟಬಾರದು. ಪದವಿಯನ್ನು ಜೆರಾಕ್ಸ್ ಪ್ರತಿಯಿಂದಲ್ಲ, ವಿಶ್ವವಿದ್ಯಾಲಯದಿಂದಲೇ ದೃಢಪಡಿಸಿಕೊಳ್ಳಿ.

ಹೆಸರು ಹೊಂದಿಕೆಯಾಯಿತೆಂದು ಆತುರ ಪಡಬೇಡಿ. ಲಕ್ಷಾಂತರ ಜನ ವಾಸಿಸುವಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಸಿಗುತ್ತಾರೆ. ಪೂರ್ಣ ಜನ್ಮದಿನಾಂಕ, ಹಳೆಯ ವಿಳಾಸ ಮುಂತಾದ ಕನಿಷ್ಠ ಎರಡು ವಿವರಗಳಾದರೂ ತಾಳೆಯಾಗದೆ ಯಾವ ಪ್ರಕರಣವನ್ನೂ ಅಭ್ಯರ್ಥಿಯ ತಲೆಗೆ ಕಟ್ಟಬಾರದು. ಬಂಧನ ಬೇರೆ, ಶಿಕ್ಷೆ ಬೇರೆ. ಶಿಕ್ಷೆಯೇ ಆಗಿದ್ದರೂ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ 2012ರ ಮಾರ್ಗಸೂಚಿಯಲ್ಲಿ ಮೂರು ಅಂಶಗಳನ್ನು ತೂಗಿ ನೋಡಲು ಹೇಳುತ್ತದೆ: ಅಪರಾಧದ ಸ್ವರೂಪ ಮತ್ತು ತೀವ್ರತೆ, ಅಲ್ಲಿಂದೀಚೆಗೆ ಕಳೆದ ಕಾಲ, ಕೊಡಲಿರುವ ಕೆಲಸದ ಸ್ವರೂಪ. ಯಾವ ದೇಶದ ಉದ್ಯೋಗದಾತರಿಗೂ ಉಪಯುಕ್ತವಾದ ಅಳತೆಗೋಲಿದು. ಹತ್ತು ವರ್ಷದ ಹಿಂದೆ ಕುಡಿದು ವಾಹನ ಓಡಿಸಿದ್ದು ಚಾಲಕನ ಹುದ್ದೆಗೆ ಯೋಚಿಸುವ ವಿಷಯ; ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ವರದಿಯ ಆಧಾರದ ಮೇಲೆ ಬೇಡ ಎನ್ನುವ ಮನಸ್ಸಾದರೆ ಮೊದಲು ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಿ, ಉತ್ತರಿಸಲು ಕನಿಷ್ಠ ಐದು ಕೆಲಸದ ದಿನಗಳ ಕಾಲಾವಕಾಶ ಕೊಡಿ, ಅಲ್ಲಿಯವರೆಗೆ ಆ ಹುದ್ದೆಯನ್ನು ಬೇರೆಯವರಿಗೆ ಕೊಡಬೇಡಿ. ಇದನ್ನು ಬಿಟ್ಟು ನೇರವಾಗಿ ನಿರಾಕರಣೆಯ ಇಮೇಲ್ ಕಳಿಸುವುದು ಎಚ್‌ಆರ್ ವಿಭಾಗಗಳು ಅವಸರದಲ್ಲಿ ಮಾಡುವ ತಪ್ಪು. ತೀರ್ಮಾನ ಏನೇ ಆಗಲಿ, ಅದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಡತದಲ್ಲಿಡಿ. ಕಡತವನ್ನು ಯಾರು ತೆರೆಯಬಹುದು, ಯಾವ ದಿನಾಂಕದಂದು ಅಳಿಸಬೇಕು ಎಂಬುದನ್ನು ಅದರ ಮೇಲೆಯೇ ನಮೂದಿಸಿ. ಗುತ್ತಿಗೆದಾರರ ಮೂಲಕ ಬರುವ ಕಾವಲುಗಾರರು ಮತ್ತು ಸ್ವಚ್ಛತಾ ಸಿಬ್ಬಂದಿಗೂ ಇದೇ ಕ್ರಮ ಅನ್ವಯಿಸುತ್ತದೆ ಎಂಬ ಷರತ್ತನ್ನು ಗುತ್ತಿಗೆ ಪತ್ರದಲ್ಲಿ ಸೇರಿಸಿ.