ಗದ್ದೆಯಲ್ಲಿ ಹಾರಿದ ಕೃಷಕ್

ಕೊಡಗಿನಲ್ಲಿ ವಿಮಾನದ ಮಾತು ಬಂದರೆ 1965ರ ಯುದ್ಧದಲ್ಲಿ ಮಡಿದ ವಾಯುಪಡೆಯ ಫೈಟರ್ ಪೈಲಟ್ ಅಜ್ಜಮಾಡ ದೇವಯ್ಯ ಅವರ ಹೆಸರು ಬರಲೇಬೇಕು. ಹಾಗಾಗಿ ನಾನು ರಿಮೋಟಿನ ಮಾದರಿ ವಿಮಾನ ಕಟ್ಟುತ್ತೇನೆ ಅಂದಾಗ, "ಫೈಟರ್ ತಾನೇ ಸುಬೇದಾರ್ರೇ?" ಅಂತ ಕೇಳಿದವರೇ ಜಾಸ್ತಿ. ನಾನು ಆರಿಸಿದ್ದು ಕೃಷಕ್, ಸೇನೆ ಮೇಲಿನಿಂದ ನೋಡಲು ಬಳಸುತ್ತಿದ್ದ ಸಣ್ಣ ವಿಮಾನ. ನಾನು ಸೇನೆ ಸೇರುವ ಹೊತ್ತಿಗೇ ಅದು ನಿವೃತ್ತಿಯಾಗಿತ್ತು!

ಎಚ್‌ಎಎಲ್‌ನವರು ತಮ್ಮ ಪುಟ್ಟ ಪುಷ್ಪಕ್ ವಿಮಾನವನ್ನೇ ಹಿಗ್ಗಿಸಿ, ನಾಲ್ಕು ಸೀಟು ಹಾಕಿ ಮಾಡಿದ್ದು ಇದು. ಮೊದಲು ಹಾರಿದ್ದು 1959ರ ನವೆಂಬರಿನಲ್ಲಿ. ಆಗ ಯಾರಿಗೂ ಬೇಡವಾಗಿತ್ತು. ಆಮೇಲೆ ಸೇನೆಗೆ ಹಳೆಯ ಆಸ್ಟರ್‌ಗಳ ಬದಲು ಬೇರೆ ವಿಮಾನ ಬೇಕಾಯಿತು. ಫಿರಂಗಿ ಗುಂಡು ಎಲ್ಲಿ ಬೀಳುತ್ತಿದೆ ಅಂತ ಮೇಲಿನಿಂದ ನೋಡಿ ಹೇಳುವ ಕೆಲಸ. ಮೂರು ಸೀಟು, ಜೋಡಿ ಕಂಟ್ರೋಲ್ ಮಾಡಿಕೊಂಡು 1965ರಲ್ಲಿ ಕೃಷಕ್ ಸೇನೆಗೆ ಬಂತು. ಸುಮಾರು 68 ತಯಾರಾದವು. ರೆಕ್ಕೆ ಮೇಲಿರುವುದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಅಲ್ವಾ? ನೋಡುವ ಕೆಲಸಕ್ಕೆ ಬೇಕಾದದ್ದೇ ಅದು.

ಅಸಲಿ ರೆಕ್ಕೆ ತುದಿಯಿಂದ ತುದಿಗೆ 11.43 ಮೀಟರ್. ಆರರಲ್ಲಿ ಒಂದು ಪಾಲು ಅಂದರೆ ನನ್ನದು 1.9 ಮೀಟರ್. ಮಾದರಿ ಕಟ್ಟಲು ಬಳಸುವ ಹಗುರವಾದ ಬಾಲ್ಸಾ ಮರ ನಮ್ಮ ಮಳೆಗಾಲದ ತೇವ ಹೀರಿ ಸೊಟ್ಟಗಾಗುತ್ತದೆ. ಅದಕ್ಕೇ ಕತ್ತರಿಸಿದ ತುಂಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಅಂಟಿಸಿದ್ದು ಮಳೆ ಬಿಟ್ಟ ಮೇಲೆ, ದಪ್ಪ ಗಾಜಿನ ಹಲಗೆಯ ಮೇಲೆ. ರೆಕ್ಕೆಯ ತುದಿಗಳಲ್ಲಿ ಹಿಂದಿನ ಅಂಚನ್ನು ಎರಡು ಡಿಗ್ರಿಯಷ್ಟು ಮೇಲಕ್ಕೆ ತಿರುಚಿದೆ. ಹೀಗೆ ಮಾಡಿದರೆ ವೇಗ ಇಳಿದಾಗ ತುದಿ ಮೊದಲು ಕುಸಿಯುವುದಿಲ್ಲ.

ತಲೆನೋವು ಕೊಟ್ಟಿದ್ದು ತೂಕ. ಅಸಲಿಯ ಮೂಗಿನಲ್ಲಿ 225 ಅಶ್ವಶಕ್ತಿಯ ಭಾರದ ಕಾಂಟಿನೆಂಟಲ್ ಎಂಜಿನ್ ಇತ್ತು. ನನ್ನ ಎಲೆಕ್ಟ್ರಿಕ್ ಮೋಟಾರು ಮುಷ್ಟಿಯೊಳಗೆ ಹಿಡಿಯುತ್ತದೆ. ಬ್ಯಾಟರಿಯನ್ನು ಮೂಗಿನವರೆಗೆ ತಳ್ಳಿದರೂ ಸಾಲಲಿಲ್ಲ, ಸೀಸ ಸೇರಿಸಬೇಕಾಯಿತು. ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಕಾಲುಭಾಗದ ಆಸುಪಾಸಿಗೆ ಸಮತೋಲ ಬರುವ ತನಕ ನಾನು ಹಾರಿಸುವ ಮಾತೇ ಎತ್ತಲಿಲ್ಲ. ಅಂದದ ಬಣ್ಣ ಆಮೇಲೆ ಬಳಿದರಾಯಿತು.

ಪುತ್ತರಿ ಕಳೆದು, ಕೊಯ್ಲು ಮುಗಿದು, ಗದ್ದೆ ಒಣಗಿದ ಮೇಲೆ ಹಾರಿಸಿದೆ. ದನದ ಹೆಜ್ಜೆಗುಳಿಗಳಿಗಾಗಿ ಚಕ್ರ ಮಾತ್ರ ಅಳತೆಗಿಂತ ದೊಡ್ಡದು. ಮಂಜು ಕರಗಿದ ಕೂಡಲೇ ಹಾರಿಸುವುದು ಒಳ್ಳೆಯದು. ಮಧ್ಯಾಹ್ನ ಗುಡ್ಡ ದಾಟಿ ಬರುವ ಗಾಳಿ ಸಿಲ್ವರ್ ಓಕ್ ಸಾಲಿನ ಈಚೆಗೆ ವಿಮಾನವನ್ನು ಕೆಳಕ್ಕೆ ಅದುಮುತ್ತದೆ. ಥ್ರಾಟಲ್, ಅಂದರೆ ಮೋಟಾರಿನ ವೇಗ, ಒಮ್ಮೆಲೇ ಕೊಟ್ಟರೆ ಮೂಗು ಎಡಕ್ಕೆ ಓಡುತ್ತದೆ. ನಿಧಾನವಾಗಿ ಕೊಡುತ್ತಾ, ಬಲಕ್ಕೆ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಹಿಡಿಯಬೇಕು.

ಪಕ್ಕದ ತೋಟದವರು, "ಇದಕ್ಕೊಂದು ಕ್ಯಾಮೆರಾ ಕಟ್ಟಿ, ಆನೆ ಎಲ್ಲಿದೆ ನೋಡಬಹುದಾ?" ಅಂದರು. ಕಟ್ಟಬಹುದು. ಆದರೆ ಕಾಫಿ ತೋಟದ ನೆರಳು ಮರಗಳ ಕೆಳಗೆ ನಿಂತ ಆನೆ ಮೇಲಿನಿಂದ ಕಾಣುವುದು ಕಷ್ಟ, ಇದಕ್ಕೋ ಒಂದೇ ಕಡೆ ನಿಲ್ಲಲು ಬರುವುದಿಲ್ಲ. ಆ ಕೆಲಸಕ್ಕೆ ಡ್ರೋನ್ ವಾಸಿ ಅಂದೆ. ಸೇನೆಯೂ 1970ರ ದಶಕದಲ್ಲಿ ಕೃಷಕ್ ಬಿಟ್ಟು ಹೆಲಿಕಾಪ್ಟರ್ ಹಿಡಿದಿತ್ತು.