ಡ್ರಿಲ್ಲಿಂಗ್ ಮಷಿನ್ ಕೇಳ್ಕೊಂಡು ಬಂದ್ರೆ ಏನ್ ಮಾಡೋದು? ಕೊಟ್ಟು ಕೋಡಂಗಿ ಆಗದಂಗೆ ಇರೋಕೆ ಕೆಲವು ದಾರಿ

ನಿಮ್ಮನೇಲಿ ಒಂದು ಡ್ರಿಲ್ಲಿಂಗ್ ಮಷಿನ್ ಇದೆ ಅಂತ ಬೀದೀಲಿ ಒಬ್ರಿಗೆ ಗೊತ್ತಾದ್ರೆ ಸಾಕು, ಸ್ವಲ್ಪ ದಿನದಲ್ಲೇ ನೆಂಟರಿಗೆಲ್ಲಾ ಗೊತ್ತಾಗಿರುತ್ತೆ. "ಭಾವ, ಎರಡೇ ತೂತು, ಸಂಜೆನೇ ತಂದ್ಕೊಡ್ತೀನಿ" ಅಂತ ಬಾಮೈದ ತಗೊಂಡ್ ಹೋಗ್ತಾನೆ, ಅವನಿಂದ ಅವನ ಮನೆ ಓನರ್ ಇಸ್ಕೋತಾರೆ, ಅಲ್ಲಿಂದ ಯಾವುದೋ ಗೃಹಪ್ರವೇಶದ ಮನೆಗೆ ಹೋಗುತ್ತೆ, ಕೊನೆಗೆ ನಿಮ್ಮನೇಲಿ ಒಂದು ಮೊಳೆ ಹೊಡೀಬೇಕಾದಾಗ ನೀವೇ ಅವರಿವರಿಗೆ ಫೋನ್ ಮಾಡ್ಕೊಂಡು ಕೂತಿರ್ತೀರ. ಕೊಟ್ಟವನು ಕೋಡಂಗಿ ಇಸ್ಕೊಂಡವ್ನು ಈರಭದ್ರ ಅನ್ನೋದನ್ನ ದುಡ್ಡಿಗೆ ಹೇಳ್ತಾರೆ, ಆದ್ರೆ ಡ್ರಿಲ್‌ಗೆ, ಕಬ್ಬಿಣ ಕೊಯ್ಯೋ ಗ್ರೈಂಡರ್‌ಗೆ ಇನ್ನೂ ಚೆನ್ನಾಗಿ ಒಪ್ಪುತ್ತೆ.

ಕೇಳೋರು ಕೆಟ್ಟೋರೇನಲ್ಲ. ಮಷಿನ್ ಮಾತ್ರ ಅವರ ಜೊತೆ ಹೋಗುತ್ತೆ, ಅದನ್ನ ಎಲ್ಲಿ ಒತ್ತಬೇಕು ಎಲ್ಲಿ ನಿಲ್ಲಿಸಬೇಕು ಅನ್ನೋ ಅಂದಾಜು ನಿಮ್ಮ ಕೈಯಲ್ಲೇ ಉಳಿದುಬಿಡುತ್ತೆ, ತೊಂದರೆ ಎಲ್ಲಾ ಅಲ್ಲೇ ಇರೋದು. ಹಾಗಾಗಿ ಕೊಡೋದಾದ್ರೆ ಆ ಅಂದಾಜನ್ನೂ ಜೊತೆಗೆ ಕಳಿಸೋದು ಹೇಗೆ, ಕಳಿಸೋಕೆ ಆಗಲ್ಲ ಅನ್ನಿಸಿದ್ರೆ ಏನ್ ಮಾಡೋದು ಅಂತ ನೋಡೋಣ.

1. ಯಾವ ಗೋಡೆ, ಎಲ್ಲಿ ತೂತು ಅಂತ ಮೊದ್ಲು ಕೇಳಿ

ಇದನ್ನ ಕೇಳೋಕೆ ಸಂಕೋಚ ಬೇಡ. ಡ್ರಿಲ್ ಕೇಳೋರಲ್ಲಿ ಅರ್ಧ ಜನ ಕರ್ಟನ್ ರಾಡ್ ಹಾಕೋಕೆ ಅಂತಾನೇ ಕೇಳೋದು, ಮಷಿನ್ ಸುಡೋದೂ ಅಲ್ಲೇ, ಯಾಕಂದ್ರೆ ರಾಡ್ ಬರೋದು ಕಿಟಕಿ ಮೇಲ್ಗಡೆ, ಅಲ್ಲಿರೋದು ಲಿಂಟಲ್ ಕಾಂಕ್ರೀಟು, ಒಳಗಡೆ ಕಂಬಿ ಬೇರೆ. ಮನೆ ಬಳಕೆಯ 10 ಎಂಎಂ ಇಂಪ್ಯಾಕ್ಟ್ ಡ್ರಿಲ್ ಇಟ್ಟಿಗೆ ಗೋಡೇಲಿ ಸಲೀಸಾಗಿ ಹೋಗುತ್ತೆ, ಕಾಂಕ್ರೀಟ್ ಸಿಕ್ಕಿದ ತಕ್ಷಣ ನಿಧಾನ ಆಗ್ಬಿಡುತ್ತೆ. ಗೊತ್ತಿರೋನು ಬಿಟ್ (ತೂತು ಕೊರೆಯೋ ಕಡ್ಡಿ) ಹೊರಗೆ ತೆಗೆದು, ಮಷಿನ್ನ ಸ್ವಲ್ಪ ಹೊತ್ತು ಖಾಲಿ ಓಡಿಸಿ, ತಣ್ಣಗಾದ್ಮೇಲೆ ಮತ್ತೆ ಇಡ್ತಾನೆ. ಗೊತ್ತಿಲ್ದೋನು ಸ್ಟೂಲ್ ಮೇಲೆ ನಿಂತು ಮೈಭಾರ ಎಲ್ಲಾ ಹಾಕಿ ಒತ್ತುತಾನೆ. ಮೋಟರ್ ಸ್ಪೀಡ್ ಬಿದ್ದಷ್ಟೂ ಅದು ಎಳೆಯೋ ಕರೆಂಟ್ ಜಾಸ್ತಿ ಆಗುತ್ತೆ, ತಣ್ಣಗೆ ಮಾಡೋ ಫ್ಯಾನೂ ಅದೇ ಶಾಫ್ಟ್ ಮೇಲೆ ಇರೋದ್ರಿಂದ ಗಾಳಿನೂ ಕಮ್ಮಿ ಆಗುತ್ತೆ, ಎರಡೂ ಸೇರಿ ಆರ್ಮೇಚರ್ ವೈಂಡಿಂಗ್, ಅಂದ್ರೆ ಮೋಟರ್ ಒಳಗೆ ತಿರುಗೋ ಭಾಗಕ್ಕೆ ಸುತ್ತಿರೋ ತಂತಿ, ಸುಟ್ಟು ಹೋಗುತ್ತೆ. ಅಲ್ಲಿಗೆ ಬೇಕಿರೋದು ಎಸ್‌ಡಿಎಸ್ ಅನ್ನೋ ಬೇರೆ ಥರದ ಬಿಟ್ ಹಾಕೋ ಹ್ಯಾಮರ್ ಮಷಿನ್, ಅದರೊಳಗೆ ಒಂದು ಪಿಸ್ಟನ್ ಇದ್ದು ಗಾಳಿ ಒತ್ತಡದಿಂದ ಬಿಟ್ ಮೇಲೆ ಏಟು ಹಾಕ್ತಿರುತ್ತೆ, ನಾವು ಸುಮ್ನೆ ನೆಟ್ಟಗೆ ಹಿಡ್ಕೊಂಡಿದ್ರೆ ಸಾಕು. ನಿಮ್ಮ ಹತ್ರ ಅದಿಲ್ಲ ಅಂದ್ರೆ "ಲಿಂಟಲ್‌ಗೆ ಈ ಮಷಿನ್ ಆಗಲ್ಲ ಕಣೋ" ಅಂತ ಅಲ್ಲೇ ಹೇಳ್ಬಿಡಿ.

ಇನ್ನೊಂದು ಮಾತು ಮರೀದೇ ಹೇಳಿ ಕಳಿಸಬೇಕು: ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕ್ಬೇಡ, ವೈರ್ ಇರೋ ಪೈಪ್ ಅಲ್ಲೇ ಹೋಗಿರುತ್ತೆ. ಹಾಗೇ ಮೊಬೈಲ್ ಚಾರ್ಜ್ ಮಾಡೋ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನ ಚುಚ್ಚಬೇಡ ಅಂತಾನೂ ಹೇಳಿ. ಹಳ್ಳಿ ಕಡೆ ಮೊದಲೇ ವೋಲ್ಟೇಜ್ ಕಮ್ಮಿ, ಅದ್ರ ಮೇಲೆ ಉದ್ದದ ತೆಳು ವೈರು ಬಂದ್ರೆ ಇನ್ನೂ ಬೀಳುತ್ತೆ, ಮೋಟರ್ ಏದುಸಿರು ಬಿಡೋಕೆ ಶುರು ಮಾಡುತ್ತೆ.

2. ಗ್ರೈಂಡರ್ ಕೇಳಿದ್ರೆ ಮಷಿನ್ ಕೊಡ್ಬೇಡಿ, ನೀವೇ ಹೋಗಿ

ಈ ವಿಷಯದಲ್ಲಿ ನಾನು ಸ್ವಲ್ಪ ಜೋರು. ಡ್ರಿಲ್ ಹಾಳಾದ್ರೆ ದುಡ್ಡು ಹೋಗುತ್ತೆ ಅಷ್ಟೇ, ನಾವು ಎಜಿ-4 ಅಂತ ಕರೆಯೋ 4 ಇಂಚಿನ ಗ್ರೈಂಡರ್‌ನಲ್ಲಿ ಬೆರಳು ಹೋಗುತ್ತೆ, ಕಣ್ಣು ಹೋಗುತ್ತೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. 4 ಇಂಚಿನ ಕಟಿಂಗ್ ವೀಲ್ ಮೇಲೆ ಸಾಮಾನ್ಯವಾಗಿ 15,300ರ ಹತ್ರ ಲಿಮಿಟ್ ಬರೆದಿರ್ತಾರೆ, ಸೋ ಅದು ಸೇಫ್, ಆದ್ರೆ 7 ಇಂಚಿನ ವೀಲ್‌ಗೆ ಆ ಲಿಮಿಟ್ಟು 8,500 ಅಷ್ಟೇ. ವೀಲ್ ದೊಡ್ಡದಾದಷ್ಟೂ ಅಂಚು ಜೋರಾಗಿ ಓಡುತ್ತೆ, ಅದಕ್ಕೇ ಲಿಮಿಟ್ ಇಳಿಯೋದು. ನಮ್ಮೋರು ಮಾಡೋದೇನು ಅಂದ್ರೆ, ವೀಲ್‌ಗೆ ಮರೆಯಾಗಿರೋ ಗಾರ್ಡ್ ಅಡ್ಡ ಬರುತ್ತೆ ಅಂತ ಬಿಚ್ಚಿ ಪಕ್ಕಕ್ಕಿಟ್ಟು ದೊಡ್ಡ ವೀಲ್ ಹಾಕ್ತಾರೆ, ಇಲ್ಲಾ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕ್ತಾರೆ. ಮರದಲ್ಲಿ ಹಲ್ಲು ಸಿಕ್ಕಾಕೊಂಡ ಕ್ಷಣ ಮಷಿನ್ ಕೈಯಿಂದ ಹಾರಿ ವಾಪಸ್ ಮೈಮೇಲೇ ಬರುತ್ತೆ, ಗಾರ್ಡ್ ಬಿಚ್ಚಿ ಮೊದ್ಲೇ ಪಕ್ಕಕ್ಕಿಟ್ಟಾಗಿರುತ್ತೆ.

ಇನ್ನು ಮನೇಲಿ ಎಲ್ಲೋ ಬಿದ್ದಿರೋ ಹಳೇ ವೀಲು. ವೀಲ್ ಮಧ್ಯದ ಲೋಹದ ರಿಂಗ್ ನೋಡಿ, ಅದ್ರಲ್ಲಿ ತಿಂಗಳು-ವರ್ಷ ಒತ್ತಿರ್ತಾರೆ. ಅದು ಎಕ್ಸ್‌ಪೈರಿ ಡೇಟು, ತಯಾರಾಗಿ 3 ವರ್ಷಕ್ಕೆ ಮುಗಿಯುತ್ತೆ, ಯಾಕಂದ್ರೆ ವೀಲನ್ನ ಹಿಡಿದಿಟ್ಟಿರೋ ಅಂಟು ತೇವಕ್ಕೆ ದುರ್ಬಲ ಆಗ್ತಾ ಹೋಗುತ್ತೆ. ಮಾತ್ರೆಗೆ ಎಕ್ಸ್‌ಪೈರಿ ನೋಡೋರು ಇದಕ್ಕೆ ನೋಡಲ್ಲ.

ಅದಕ್ಕೇ ಹೇಳಿದ್ದು, ಗ್ರೈಂಡರ್, ಮಾರ್ಬಲ್ ಕಟ್ಟರ್ ಕೇಳಿದ್ರೆ "ಭಾನುವಾರ ನಾನೇ ಬಂದು ಕಟ್ ಮಾಡ್ಕೊಡ್ತೀನಿ, ಕಾಫಿ ಮಾಡ್ಸಿಡು" ಅನ್ನಿ. ಅಂಗಡೀಲಿ ಕೆಲಸ ಮಾಡೋ ವೆಲ್ಡರ್ರೋ ಕಾರ್ಪೆಂಟರ್ರೋ ಕೇಳಿದ್ರೆ ಮಾತು ಬೇರೆ. ಆದ್ರೂ ಗಾರ್ಡು, ಸೈಡ್ ಹ್ಯಾಂಡಲ್ಲು ಹಾಕಿರೋದನ್ನ ನೋಡೇ ಕೊಡಿ.

3. ತೋಟದ ಮಷಿನ್: ಪೆಟ್ರೋಲ್ ವಿಷಯ ಬರೆದೇ ಕೊಡಿ

ಮಲೆನಾಡು, ಕರಾವಳಿ ಕಡೆ ಡ್ರಿಲ್‌ಗಿಂತ ಜಾಸ್ತಿ ಓಡಾಡೋದು ಕಳೆ ಹೊಡೆಯೋ ಮಷಿನ್. ಇದು ಸತ್ತು ವಾಪಸ್ ಬರೋದಕ್ಕೆ ಕಾರಣ ಹೆಚ್ಚಾಗಿ ಒಂದೇ, ಟೂ ಸ್ಟ್ರೋಕ್ ಇಂಜಿನ್‌ಗೆ ಬರೀ ಪೆಟ್ರೋಲ್ ಹಾಕಿರ್ತಾರೆ. ಬೈಕಲ್ಲಿ ಇಂಜಿನ್ ಆಯಿಲ್‌ಗೆ ಬೇರೆ ಜಾಗ ಇರುತ್ತೆ, ಟೂ ಸ್ಟ್ರೋಕ್ ಮಷಿನ್‌ನಲ್ಲಿ ಅದಿಲ್ಲ, ಪಿಸ್ಟನ್‌ಗೂ ಬೇರಿಂಗ್‌ಗೂ ಸಿಗೋ ಎಣ್ಣೆ ಅಂದ್ರೆ ಪೆಟ್ರೋಲ್ ಜೊತೆ ಕಲೆಸಿದ್ದು ಮಾತ್ರ. ಅದಿಲ್ಲದೆ ಓಡಿಸಿದ್ರೆ ಸ್ವಲ್ಪ ಹೊತ್ತಲ್ಲೇ ಪಿಸ್ಟನ್ ಹಿಡ್ಕೊಂಡ್ಬಿಡುತ್ತೆ. ರಿಪೇರಿಗೆ ಕೊಟ್ರೆ ಸಿಲಿಂಡರ್, ಪಿಸ್ಟನ್ ಎರಡೂ ಹೊಸದು ಹಾಕ್ಬೇಕು ಅಂತಾರೆ. ಕಂಪನಿ 50ಕ್ಕೆ 1 ಅಂದಿದ್ರೆ ಲೀಟರ್ ಪೆಟ್ರೋಲ್‌ಗೆ 20 ಎಂಎಲ್ ಟೂ-ಟಿ ಆಯಿಲ್, 25ಕ್ಕೆ 1 ಅಂದಿದ್ರೆ 40 ಎಂಎಲ್. ಫೋರ್ ಸ್ಟ್ರೋಕ್ ಮಷಿನ್ ಆದ್ರೆ ಉಲ್ಟಾ, ಟ್ಯಾಂಕಿಗೆ ಬರೀ ಪೆಟ್ರೋಲ್ಲೇ, ಇಂಜಿನ್ ಆಯಿಲ್ ಬೇರೆ ಜಾಗಕ್ಕೆ. ಎರಡೂ ನೋಡೋಕೆ ಒಂದೇ ಥರ ಇರೋದ್ರಿಂದ ನಿಮ್ಮದು ಯಾವುದು ಅಂತ ಪರ್ಮನೆಂಟ್ ಮಾರ್ಕರ್‌ನಲ್ಲಿ ಟ್ಯಾಂಕ್ ಮೇಲೇ ಕನ್ನಡದಲ್ಲಿ ಬರೀರಿ, "ಪೆಟ್ರೋಲ್ ಲೀಟರಿಗೆ ಆಯಿಲ್ 20" ಅಂತ. ಕೆಲಸಕ್ಕೆ ಬರೋ ಆಳಿಗೂ ಅದು ಕಾಣುತ್ತೆ, ನಿಮ್ಮ ದೊಡ್ಡಪ್ಪನ ಮಗನಿಗೆ ಹೇಳಿ ಕಳಿಸಿದ್ದು ಅವನ ಆಳಿಗೆ ತಲುಪುತ್ತೆ ಅನ್ನೋ ಗ್ಯಾರಂಟಿ ಏನಿಲ್ಲ. ಇನ್ನೂ ಒಳ್ಳೇದು ಅಂದ್ರೆ ಕಲೆಸಿದ ಪೆಟ್ರೋಲೇ ಒಂದು ಕ್ಯಾನ್‌ನಲ್ಲಿ ಕೊಟ್ಟು ದುಡ್ಡು ಇಸ್ಕೊಳ್ಳಿ.

ಈ ಮಷಿನ್ ಓಡೋವಾಗ ಕಲ್ಲು ಹಾರುತ್ತೆ, 15 ಮೀಟರ್ ಒಳಗೆ ಯಾರೂ ನಿಲ್ಲಬಾರದು ಅಂತ ಮ್ಯಾನ್ಯುಯಲ್‌ಗಳಲ್ಲಿ ಇರುತ್ತೆ. ಲುಂಗಿ ಉಟ್ಕೊಂಡು ಓಡಿಸೋ ನೆಂಟರಿದ್ರೆ ಅವರಿಗೆ ಕೊಡಲೇಬೇಡಿ.

ಚೈನ್ ಸಾ ಕೇಳಿದಾಗ ಇನ್ನೊಂದು ಪ್ರಶ್ನೆ ಇದೆ: ಯಾರ ಮರ? ಕರ್ನಾಟಕ ಅರಣ್ಯ ಕಾಯ್ದೆ 1963ರ 62ನೇ ಸೆಕ್ಷನ್ ಪ್ರಕಾರ ಅರಣ್ಯ ಅಪರಾಧ ನಡೆದಿದೆ ಅಂತ ನಂಬೋಕೆ ಕಾರಣ ಇದ್ರೆ ನಾಟಾ (ಕಡಿದ ಮರ) ಜೊತೆಗೆ ಅದಕ್ಕೆ ಬಳಸಿದ ಸಲಕರಣೆ, ಗಾಡಿ ಎಲ್ಲಾ ವಶಕ್ಕೆ ತಗೋಬಹುದು. ಸ್ವಂತ ಜಮೀನಿನ ಮರ ಆದ್ರೂ, ವಿನಾಯ್ತಿ ಇರೋ ಜಾತಿ ಬಿಟ್ಟು ಮಿಕ್ಕಿದ್ದನ್ನ ಕಡಿಯೋಕೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಪರ್ಮಿಷನ್ ಬೇಕು. ಕಡಿದಿದ್ದು ನಾನಲ್ಲ ಸಾರ್, ಗರಗಸ ಮಾತ್ರ ನಂದು ಅಂತ ರೇಂಜ್ ಆಫೀಸಿಗೆ ಅಲೆಯೋದು ಯಾರಿಗೆ ಬೇಕು.

4. ಕೊಡೋ ಮುಂಚೆ ಫೋಟೋ, ಮತ್ತೆ ಮಷಿನ್‌ಗಿರೋ ರೋಗ

ಬಾಕ್ಸ್ ತೆರೆದು ಎಲ್ಲಾನೂ ಟೇಬಲ್ ಮೇಲೆ ಹರಡಿ, ಮಷಿನ್, ಬಿಟ್ ಬಿಗಿ ಮಾಡೋ ಚಕ್ ಕೀ, ತೂತಿನ ಆಳ ನೋಡೋ ಡೆಪ್ತ್ ರಾಡು, ಸೈಡ್ ಹ್ಯಾಂಡಲ್ಲು, ಸೀರಿಯಲ್ ನಂಬರ್ ಕಾಣೋ ಹಾಗೆ ಒಂದು ಫೋಟೋ ತೆಗೆದು ಅವರಿಗೇ ವಾಟ್ಸಾಪ್ ಮಾಡಿ, "ಇಷ್ಟಿದೆ ನೋಡ್ಕೋ, ಭಾನುವಾರ ಸಂಜೆ ಬೇಕು" ಅಂತ. ಬೇಜಾರು ಮಾಡ್ಕೊಳ್ಳೋ ವಿಷಯ ಇದಲ್ಲ, ಚಕ್ ಕೀ ಕಳೆದೋದ್ರೆ ಅವರಿಗೂ ಕೆಲಸ ನಿಲ್ಲುತ್ತಲ್ಲ. ಡ್ರಿಲ್ ಬಿಟ್, ವೀಲು, ಬ್ಲೇಡು ಮಾತ್ರ ಕೊಡ್ಬೇಡಿ. ಮಷಿನ್ ನಂದು, ಬಿಟ್ ನಿಂದು, ಇದೊಂದು ರೂಲ್ ಇಟ್ಕೊಂಡ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಬ್ಯಾಟರಿ ಮಷಿನ್ ಆದ್ರೆ ಚಾರ್ಜರ್ ಸಮೇತ ಕೊಟ್ಟು, ಕಾರಲ್ಲಿ ಬಿಸಿಲಿಗೆ ಬಿಡ್ಬೇಡ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಮೂಲೇಲಿ ಇಡ್ಬೇಡ ಅಂತ ಹೇಳಿ.

ಮಷಿನ್‌ಗೆ ಏನಾದ್ರೂ ರೋಗ ಇದ್ರೆ ಮುಚ್ಚಿಡ್ಬೇಡಿ. ಸ್ವಿಚ್ ಒಂದೊಂದ್ಸಲ ಹಿಡ್ಕೊಳ್ಳುತ್ತೆ, ವೈರ್ ಬುಡದಲ್ಲಿ ಟೇಪ್ ಸುತ್ತಿದೆ, ಮೋಟರ್‌ಗೆ ಕರೆಂಟ್ ಕೊಡೋ ಕಾರ್ಬನ್ ತುಂಡು ಸವೆದು ಕಿಡಿ ಬರ್ತಿದೆ, ಇವೆಲ್ಲಾ ನಮಗೆ ಅಭ್ಯಾಸ ಆಗಿ ಮರೆತೇ ಹೋಗಿರುತ್ತೆ. ಕಾನೂನೂ ಇದನ್ನೇ ಹೇಳುತ್ತೆ. 1872ರ ಭಾರತೀಯ ಕರಾರು ಕಾಯ್ದೆಯ 150ನೇ ಸೆಕ್ಷನ್ ಪ್ರಕಾರ, ನಿಮಗೆ ಗೊತ್ತಿರೋ ದೋಷ ಹೇಳದೆ ವಸ್ತು ಕೊಟ್ಟು ಇಸ್ಕೊಂಡವನಿಗೆ ಪೆಟ್ಟಾದ್ರೆ ಹೊಣೆ ನಿಮ್ಮದೇ, ಪುಕ್ಕಟೆ ಕೊಟ್ಟಿದ್ರೂ ಅಷ್ಟೇ. ಕಾಯ್ದೇಲಿ ಕೊಟ್ಟಿರೋ ಉದಾಹರಣೆ ತುಂಟ ಕುದುರೇದು: ತುಂಟ ಅಂತ ಗೊತ್ತಿದ್ದೂ ಹೇಳದೆ ಕೊಟ್ಟ, ಅದು ಓಡಿತು, ಹತ್ತಿದವನು ಬಿದ್ದ, ಕೊಟ್ಟವನೇ ತುಂಬಿಕೊಡಬೇಕು. ಬಾಡಿಗೆಗೆ ಕೊಟ್ರಂತೂ ನಿಮಗೆ ಗೊತ್ತಿಲ್ಲದ ದೋಷಕ್ಕೂ ನೀವೇ ಹೊಣೆ, ಅದಕ್ಕೇ ನೆಂಟರ ಹತ್ರ ಐನೂರು ರೂಪಾಯಿ ಬಾಡಿಗೆ ತಗೊಳ್ಳೋ ಐಡಿಯಾ ನನಗೇನೂ ಇಷ್ಟ ಇಲ್ಲ.

5. ಮೂರನೇ ಕೈಗೆ ಹೋಗಬಾರದು

ಇದಕ್ಕೂ ಆ ಕಾಯ್ದೇಲಿ ಕುದುರೆ ಇದೆ. 154ನೇ ಸೆಕ್ಷನ್‌ನಲ್ಲಿ, ನೀನೊಬ್ಬನೇ ಸವಾರಿ ಮಾಡು ಅಂತ ಕೊಟ್ಟ ಕುದುರೇನ ಅವನು ತನ್ನ ಮನೆಯವರಿಗೆ ಕೊಡ್ತಾನೆ, ಅವರು ಹುಷಾರಾಗೇ ಓಡಿಸ್ತಾರೆ, ಆದ್ರೂ ಕುದುರೆ ಬಿದ್ದು ಗಾಯ ಆಗುತ್ತೆ, ಆಗ ಇಸ್ಕೊಂಡವನೇ ನಷ್ಟ ಕಟ್ಟಿಕೊಡಬೇಕು. ಆದ್ರೆ ನೀವು "ನೀನೊಬ್ಬನೇ" ಅಂತ ಹೇಳಿದ್ದಿರ್ಬೇಕಲ್ಲ, ಆ ಮಾತನ್ನ ವಾಟ್ಸಾಪ್ ಮೆಸೇಜಲ್ಲೇ ಸೇರಿಸ್ಬಿಡಿ. ಕೋರ್ಟಿಗೆ ಯಾರೂ ಹೋಗಲ್ಲ ಬಿಡಿ, ಬಾಮೈದನ ಮೇಲೆ ಡ್ರಿಲ್‌ಗೋಸ್ಕರ ಕೇಸ್ ಹಾಕಿದ್ರೆ ಮನೇಲಿ ಊಟ ಹಾಕ್ತಾರಾ! ಆದ್ರೆ ಓನರ್ ಕೇಳಿದಾಗ "ಭಾವ ಬೇರೆಯವರಿಗೆ ಕೊಡ್ಬೇಡ ಅಂದಿದಾರೆ" ಅಂತ ತಪ್ಪಿಸ್ಕೊಳ್ಳೋಕೆ ಅವನಿಗೆ ಆ ಮೆಸೇಜ್ ಉಪಯೋಗಕ್ಕೆ ಬರುತ್ತೆ.

6. ವಾಪಸ್ ಕೇಳೋದು

ಪುಕ್ಕಟೆ ಕೊಟ್ಟ ವಸ್ತುನ ಮಾತಾಡಿದ ದಿನಕ್ಕಿಂತ ಮುಂಚೇನೂ ವಾಪಸ್ ಕೇಳಬಹುದು ಅಂತ ಅದೇ ಕಾಯ್ದೆಯ 159ನೇ ಸೆಕ್ಷನ್ ಹೇಳುತ್ತೆ, ಆದ್ರೆ ಅರ್ಧ ಕೆಲಸದಲ್ಲಿ ಕಿತ್ಕೊಂಡು ಅವರಿಗೆ ಆದ ಲಾಭಕ್ಕಿಂತ ನಷ್ಟ ಜಾಸ್ತಿ ಆದ್ರೆ ಆ ವ್ಯತ್ಯಾಸ ನೀವು ತುಂಬಬೇಕು. ನಮಗೆ ಅದಕ್ಕಿಂತ ಒಳ್ಳೆ ಅಸ್ತ್ರ ಆಯುಧಪೂಜೆ. "ಪೂಜೆಗೆ ಎಲ್ಲಾ ಮನೇಲಿರ್ಬೇಕು ಅಂತ ಅಮ್ಮ ಹೇಳಿದಾರೆ" ಅಂದ್ರೆ ಯಾರೂ ಎದುರು ಮಾತಾಡಲ್ಲ. ಮಿಕ್ಕ ತಿಂಗಳಲ್ಲಿ ನನಗೇ ಕೆಲಸ ಇದೆ ಅಂತ ಒಂದು ದಿನ ಮುಂಚೆ ಫೋನ್ ಮಾಡಿ, ಕೆಲಸ ಇಲ್ಲದಿದ್ರೂ ಪರವಾಗಿಲ್ಲ.

ತಂದ್ಕೊಟ್ಟಾಗ ಕಾಫಿಗೆ ಕೂರಿಸಿ, ಅವರ ಎದುರೇ ಒಂದ್ಸಲ ಆನ್ ಮಾಡಿ. ಗಾಳಿ ಬರೋ ತೂತಿನ ಹತ್ರ ಮೂಗಿಟ್ಟು ನೋಡಿ, ಸುಟ್ಟ ವಾಸನೆ ಇದ್ರೆ ವೈಂಡಿಂಗ್‌ಗೆ ಬಿಸಿ ತಾಗಿದೆ ಅಂತಾನೇ ಅರ್ಥ. ಕೊಡೋವಾಗ ತೆಗೆದಿದ್ದ ಫೋಟೋ ನೋಡ್ಕೊಂಡು ಎಲ್ಲಾ ಸಾಮಾನು ಬಂದಿದ್ಯಾ ಅಂತ ಲೆಕ್ಕ ಹಾಕಿ. ತಿಂಗಳಾದ್ಮೇಲೆ ಬಾಕ್ಸ್ ತೆರೆದು ಹಿಂಗಾಗಿದೆ ಅಂದ್ರೆ ಯಾರೂ ಒಪ್ಪಲ್ಲ, ಒಪ್ಪಬೇಕು ಅಂತಾನೂ ಇಲ್ಲ.

7. ಕೆಟ್ಟು ಬಂದ್ರೆ ದುಡ್ಡು ಯಾರದ್ದು

ಕಾರ್ಬನ್ ಸವೆದಿದ್ರೆ ನಿಮ್ಮದು, ಅದು ಯಾರ ಕೈಯಲ್ಲಿದ್ರೂ ಸವೀತಿತ್ತು. ಕೆಳಗೆ ಬಿದ್ದು ಬಾಡಿ ಒಡೆದಿದ್ರೆ, ಆಯಿಲ್ ಇಲ್ದೆ ಪಿಸ್ಟನ್ ಹೋಗಿದ್ರೆ ಅವರದ್ದು. ಆರ್ಮೇಚರ್ ಸುಟ್ಟಿದ್ರೆ ಕಷ್ಟ, ಹಳೇ ಮಷಿನ್ ಆದ್ರೆ ಅರ್ಧರ್ಧ ಅನ್ನೋದು ನನ್ ಲೆಕ್ಕ. ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುನ ನೋಡ್ಕೊಳ್ಳೋಷ್ಟು ಹುಷಾರಾಗಿ ನೋಡ್ಕೊಂಡಿದ್ರೆ ಇಸ್ಕೊಂಡವನು ಹೊಣೆ ಅಲ್ಲ ಅನ್ನೋದು ಕಾಯ್ದೆಯ ಅಳತೆ, ನೆಂಟರಿಗೂ ಅದೇ ಅಳತೆ ಸಾಕು. ರಿಪೇರಿಗೆ ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ, ಮೆಕ್ಯಾನಿಕ್ಕೇ ಬಿಚ್ಚಿ ತೋರಿಸಿ ಹೇಳಿದ್ರೆ ನೀವು ಬಾಯಿಬಿಟ್ಟು ಹೇಳೋ ಕಷ್ಟ ಇರಲ್ಲ.

ಇದೆಲ್ಲಾ ತಲೆನೋವು ಬೇಡ ಅನ್ನೋರು ನಿಮ್ಮ ಏರಿಯಾದಲ್ಲಿ ಯಾವ ಹಾರ್ಡ್‌ವೇರ್ ಅಂಗಡೀಲಿ ಮಷಿನ್ ದಿನದ ಬಾಡಿಗೆಗೆ ಸಿಗುತ್ತೆ ಅಂತ ವಿಚಾರಿಸಿ ನಂಬರ್ ಇಟ್ಕೊಂಡಿರಿ, ಕೇಳಿದೋರಿಗೆ ಅದನ್ನೇ ಕಳಿಸಿ. ತೋಟದ ಮಷಿನ್‌ಗೆ ಯಂತ್ರ ಬಾಡಿಗೆಗೆ ಕೊಡೋ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ ನೋಡೋಕೆ ಹೇಳಿ. ಅಂಗಡಿಯವರು ಅಡ್ವಾನ್ಸ್, ಐಡಿ ಕಾರ್ಡ್ ಕಾಪಿ ಕೇಳ್ತಾರೆ, ನಿಮ್ಮನೆ ಬಾಗಿಲಲ್ಲಿ ನಿಂತು "ಎರಡೇ ತೂತು" ಅಂದೋರು ಅಲ್ಲಿ ಎರಡು ಮಾತಾಡದೆ ಕೊಡ್ತಾರೆ, ಸಂಜೆ ಅಂಗಡಿ ಬಾಗಿಲು ಹಾಕೋದ್ರೊಳಗೆ ವಾಪಸ್ಸೂ ಕೊಟ್ಟು ಬರ್ತಾರೆ.